ಸಾವಿರ ದಾಟಿದ ದಿನ ಲಗ್ಗೆರೆಯಲ್ಲಿ ಮನೆ ಹುಡುಕುತ್ತಿದ್ದ ಅಕ್ಕನಿಗೆ

ಕಳೆದ ಮಂಗಳವಾರ, ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ನನ್ನ ಹೆಸರಿನ ಪಕ್ಕದ ಸಂಖ್ಯೆ, ಅಂದರೆ ನನ್ನ ಬರಹಗಳನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಲೆಕ್ಕ, ಸಾವಿರ ದಾಟಿತು. ಸರಿಯಾಗಿ ಹೇಳಬೇಕೆಂದರೆ 1,003. ಮೊದಲು ನೋಡಿದ್ದು ನಾನಲ್ಲ, ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಮಧ್ಯಾಹ್ನದ ಹೊತ್ತಿಗೆ ಯಾರೋ ಬೇಕರಿಯಿಂದ ದಿಲ್ ಪಸಂದ್ ತಂದರು. ಸಂಜೆಯೊಳಗೆ ಮನೆಯವರ ವಾಟ್ಸಾಪ್ ಗ್ರೂಪಿಗೂ ಸುದ್ದಿ ಹೋಯಿತು. ಶುಭಾಶಯಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ. ಆದರೆ ಈ ಥ್ಯಾಂಕ್ಸ್ ಜಾಸ್ತಿ ಸೇರಬೇಕಾದ ಒಬ್ಬರು ಅವತ್ತು ದಿಲ್ ಪಸಂದ್ ತಿನ್ನಲು ಇರಲಿಲ್ಲ. ಅವರು ಲಗ್ಗೆರೆಯಲ್ಲಿ ಒಂದು ಮನೆ ಹುಡುಕುತ್ತಿದ್ದರು.

ಮೊದಲು ನಮ್ಮ ಚಿಕ್ಕಪ್ಪನಿಗೆ ಉತ್ತರ ಕೊಟ್ಟುಬಿಡುತ್ತೇನೆ. "ಸಾವಿರ ಪೇಪರ್‌ನಲ್ಲಿ ಬಂತಾ ನಿನ್ನ ಹೆಸರು?" ಎಂದು ಕೇಳಿದ್ದರು. ಒಂದು ಲೆಕ್ಕಕ್ಕೆ ಹೌದು ಚಿಕ್ಕಪ್ಪ, ಆದರೆ ಈ ಪೇಪರ್ ಪ್ರಜಾವಾಣಿ ಅಲ್ಲ. ನಾವು ಕಂಡುಕೊಂಡದ್ದನ್ನು ಬರೆದು ಜರ್ನಲ್‌ಗೆ ಕಳಿಸುತ್ತೇವಲ್ಲ, ಅದನ್ನೇ ಪೇಪರ್ ಅನ್ನುತ್ತೇವೆ. ಬೇರೆಯವರು ಬರೆಯುವಾಗ 'ಈ ಮಾತು ಇಂಥವರಿಂದ ತಿಳಿದದ್ದು' ಎಂದು ನಮ್ಮದನ್ನು ಹೆಸರಿಸಿದರೆ ಅದು ಒಂದು ಸೈಟೇಷನ್. ಇವನ್ನೆಲ್ಲ ಪಟ್ಟಿ ಮಾಡೋಣ ಎಂದು 1955ರಲ್ಲಿ ಬರೆದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಹಳೆಯ ತೀರ್ಪನ್ನು ಮುಂದೆ ಯಾವ ಕೋರ್ಟು ಒಪ್ಪಿತು, ಯಾವುದು ತಳ್ಳಿಹಾಕಿತು ಎಂದು ಅಲ್ಲಿನ ವಕೀಲರು ನೋಡುವ ಪುಸ್ತಕವೇ ಅವರಿಗೆ ಮಾದರಿ. ಒಂದು ಪೇಪರಿನ ತಪ್ಪನ್ನು ಯಾರಾದರೂ ತೋರಿಸಿದ್ದರೆ ಅದು ಓದುವವರ ಕಣ್ಣಿಗೆ ಬೀಳಲಿ ಎಂಬುದೂ ಅವರ ಉದ್ದೇಶವಾಗಿತ್ತು. ಅದು ಮಾರ್ಕ್ಸ್ ಕಾರ್ಡ್ ಆದದ್ದು ಆಮೇಲೆ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಇನ್ನೊಂದು ಲೆಕ್ಕ ಸೇರಿಸಿದರು. ನನ್ನದು 14. ಅಂದರೆ ನನ್ನ 14 ಪೇಪರ್‌ಗಳಿಗೆ ತಲಾ 14 ಸೈಟೇಷನ್ನಾದರೂ ಬಂದಿದೆ.

ಈಗ ಆ ಸಾವಿರವನ್ನು ಸ್ವಲ್ಪ ಬಿಡಿಸಿ ನೋಡೋಣ. ಅರ್ಧಕ್ಕಿಂತ ಜಾಸ್ತಿ, ಅಂದರೆ 540, ಬಂದಿರುವುದು ಒಂದೇ ಪೇಪರಿಗೆ. ಅದೊಂದು ರಿವ್ಯೂ. ಬಾಯಿ ಕ್ಯಾನ್ಸರ್ ಬಗ್ಗೆ ಬೇರೆಯವರು ಮಾಡಿದ ಕೆಲಸವನ್ನೆಲ್ಲ ಓದಿ, ಒಪ್ಪವಾಗಿ ಜೋಡಿಸಿ ಬರೆದದ್ದು. ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿ ಕೂತಿದ್ದಾಗ ಬರೆದೆ. ಒಬ್ಬ ರೋಗಿಯ ಮುಖವನ್ನೂ ಅದಕ್ಕಾಗಿ ನೋಡಿಲ್ಲ. ರಿವ್ಯೂಗಳ ಹಣೆಬರಹವೇ ಹಾಗೆ. ಇಪ್ಪತ್ತು ಪೇಪರ್ ಹೆಸರಿಸುವ ಬದಲು ಒಂದನ್ನು ಹೆಸರಿಸಿದರೆ ಕೆಲಸ ಮುಗಿಯುತ್ತದೆ. ಇನ್ನು 60ಕ್ಕೂ ಹೆಚ್ಚು ಸಲ ನನ್ನನ್ನು ನಾನೇ ಹೆಸರಿಸಿಕೊಂಡಿದ್ದೇನೆ. (ನಗಬೇಡಿ, ಎಲ್ಲರೂ ಮಾಡುತ್ತಾರೆ.) ಏಳು ವರ್ಷ ಹಿಡಿದ ಒಂದು ಪೇಪರ್ ಇದೆ. ಅದಕ್ಕೆ ಬಂದಿರುವುದು 41.

ನಾನು ಬರೆಯಬೇಕೆಂದಿರುವುದು ಆ 41ರ ಬಗ್ಗೆ.

ಬಾಯಿ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ಐದು ವರ್ಷದ ನಂತರ ಎಷ್ಟು ಜನ ಬದುಕಿದ್ದಾರೆ? ಕೇಳಲು ಸುಲಭದ ಪ್ರಶ್ನೆ. ಉತ್ತರ ಬೇಕೆಂದರೆ ಪ್ರತಿಯೊಬ್ಬರೂ ಈಗ ಎಲ್ಲಿದ್ದಾರೆ ಎಂದು ಗೊತ್ತಿರಬೇಕು. ಚೆಕಪ್‌ಗೆ ಬರುವುದನ್ನು ನಿಲ್ಲಿಸಿದವರನ್ನು ಏನು ಮಾಡುವುದು? 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ದಾರಿ ಹೇಳಿಕೊಟ್ಟರು. ಜಗತ್ತಿನಲ್ಲಿ ಅತಿ ಹೆಚ್ಚು ಸೈಟೇಷನ್ ಪಡೆದ ಪೇಪರ್‌ಗಳಲ್ಲಿ ಅದೂ ಒಂದು. ಕ್ಯಾನ್ಸರ್ ಪೇಪರ್‌ಗಳಲ್ಲಿ, ದಿನ ಕಳೆದಂತೆ ಎಷ್ಟು ಜನ ಬದುಕಿದ್ದಾರೆ ಎಂದು ತೋರಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆ ನೋಡಿದ್ದರೆ, ಅದು ಅವರದೇ. ಸಂಪರ್ಕ ತಪ್ಪಿದವರನ್ನು ಆ ದಿನದವರೆಗೆ ಬದುಕಿದ್ದರು ಎಂದು ಲೆಕ್ಕ ಹಿಡಿದು ಅಲ್ಲಿಗೆ ಬಿಟ್ಟುಬಿಡಬಹುದು. ಆದರೆ ಅದರ ಅಡಿಯಲ್ಲೊಂದು ನಂಬಿಕೆ ಇದೆ. ಕಾಣದೆ ಹೋದವರ ಗತಿಯೂ ಉಳಿದವರ ಹಾಗೇ ಇರುತ್ತದೆ ಎಂಬುದು. ನಮ್ಮಲ್ಲಿ ಹಾಗಿರುತ್ತದಾ?

ಇಲ್ಲಿಂದ ಅಕ್ಕನ ಕಥೆ. ನಮ್ಮ ಫಾಲೋಅಪ್, ಅಂದರೆ ಚಿಕಿತ್ಸೆ ಪಡೆದವರು ಈಗ ಹೇಗಿದ್ದಾರೆ ಎಂದು ಹುಡುಕಿ ವಿಚಾರಿಸುವ ಕೆಲಸ ನೋಡಿಕೊಳ್ಳುವವರು ಅವರು. ಒಂದು ಉದ್ದ ರಿಜಿಸ್ಟರ್, ಒಂದು ಹಳೇ ನೋಕಿಯಾ ಫೋನ್, ಬಿಎಂಟಿಸಿ ಪಾಸ್. ಬೆಂಗಳೂರಿನ ವಿಳಾಸ ಹುಡುಕುವುದೇ ಒಂದು ವಿದ್ಯೆ. ಹಳೇ ನಂಬರ್ 12, ಹೊಸ ನಂಬರ್ 43, ಮಾರಮ್ಮನ ಗುಡಿ ಹಿಂದೆ. ಹೋದರೆ ಅಲ್ಲಿ ಮೂರು ಮಹಡಿ ಕಟ್ಟಡ ಎದ್ದಿರುತ್ತದೆ. ಹೊರಗಿನಿಂದ ಬಂದವರು ಚಿಕಿತ್ಸೆಗೆಂದು ಇಳಿದುಕೊಂಡ ನೆಂಟರ ಮನೆಯ ವಿಳಾಸ ಬರೆಸಿರುತ್ತಾರೆ. ನೆಂಟರೂ ಮನೆ ಬದಲಾಯಿಸಿರುತ್ತಾರೆ. ಅಕ್ಕ ಮೊದಲು ಪಕ್ಕದ ಅಂಗಡಿಯಲ್ಲಿ ಕೇಳುತ್ತಾರೆ, ಆಮೇಲೆ ಇಸ್ತ್ರಿಯವನನ್ನು, ಆಮೇಲೆ ಹಾಲು ಹಾಕುವವರನ್ನು. ಆಸ್ಪತ್ರೆಯಿಂದ ಬಂದೆ ಎಂದು ಜೋರಾಗಿ ಹೇಳುವುದಿಲ್ಲ. ಅಕ್ಕಪಕ್ಕದವರಿಗೆ ಕಾಯಿಲೆಯ ವಿಷಯ ಗೊತ್ತಿರುವುದಿಲ್ಲವಲ್ಲ.

ನಮ್ಮ ಫಾರ್ಮಿನಲ್ಲಿ ಮೂರು ಕಲಂ ಇತ್ತು. ಬದುಕಿದ್ದಾರೆ, ತೀರಿಕೊಂಡಿದ್ದಾರೆ, ಸಿಗಲಿಲ್ಲ. ಎಷ್ಟೋ ಮನೆಗಳ ಮುಂದೆ ಅಕ್ಕ ಪೆನ್ಸಿಲ್‌ನಲ್ಲಿ 'ಊರಿಗೆ ಹೋದ್ರು' ಎಂದು ಬರೆದಿದ್ದರು. ನಾನು ಅದನ್ನೆಲ್ಲ ಆ ದಿನಕ್ಕೆ 'ಬದುಕಿದ್ದಾರೆ' ಎಂದು ಕಂಪ್ಯೂಟರಿಗೆ ಹಾಕಿದೆ. ಮನೆ ಖಾಲಿ ಮಾಡಿ ಊರಿಗೆ ಹೋದವರು ಬದುಕಿರಲೇಬೇಕಲ್ಲ ಎಂಬ ಲೆಕ್ಕ. ಗೆರೆ ಚೆನ್ನಾಗಿ ಬಂತು. ಚಿಕಿತ್ಸೆ ಒಳ್ಳೆಯ ಫಲ ಕೊಟ್ಟ ಹಾಗೆ ಕಾಣುತ್ತಿತ್ತು. ಒಂದು ಸಂಜೆ ಚಹಾ ಕುಡಿಯುತ್ತಾ ಖುಷಿಯಿಂದ ಅಕ್ಕನಿಗೂ ಅದನ್ನು ತೋರಿಸಿ ವಿವರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಮೇಡಂ, ಊರಿಗೆ ಹೋದ್ರು ಅಂದ್ರೆ ನೀವು ಏನು ಅಂದ್ಕೊಂಡ್ರಿ? ಬಾಡಿಗೆ ಮನೇಲಿ ಜೀವ ಹೋಗೋದು ಬೇಡ ಅಂತ ಓನರ್ ಹೇಳಿರ್ತಾರೆ. ಅದಕ್ಕೇ ಊರಿಗೆ ಹೋಗಿರ್ತಾರೆ."

ನಾನು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿದ್ದವಳು. ನನಗೆ ಹೊಳೆಯಲಿಲ್ಲ.

ಮತ್ತೆ ಮೊದಲಿಂದ ಶುರು ಮಾಡಿದೆವು. ಕುಣಿಗಲ್, ಮದ್ದೂರು, ಕನಕಪುರ, ಚಿಂತಾಮಣಿ ಕಡೆಯ ಹಳ್ಳಿಗಳು. ಗ್ರಾಮ ಪಂಚಾಯಿತಿಗೆ ಫೋನ್, ಆಶಾ ಕಾರ್ಯಕರ್ತೆಯರಿಗೆ ಫೋನ್, ಉತ್ತರ ಬರೆದು ಹಾಕಲು ನಮ್ಮ ವಿಳಾಸವಿರುವ ಕಾರ್ಡು. ಮರಣ ನೋಂದಣಿಯಲ್ಲಿ ಹುಡುಕಿದರೆ ಹೆಸರು ಸಿಕ್ಕಿದರೂ ಕಾರಣದ ಜಾಗದಲ್ಲಿ ಎಷ್ಟೋ ಕಡೆ ಕ್ಯಾನ್ಸರ್ ಎಂಬ ಮಾತೇ ಇರುವುದಿಲ್ಲ, ಹೃದಯ ನಿಂತಿತು ಎಂದಷ್ಟೇ ಇರುತ್ತದೆ. ಹೃದಯ ಎಲ್ಲರದ್ದೂ ನಿಲ್ಲುತ್ತದೆ. ಮದ್ದೂರಿನ ಹತ್ತಿರ ಒಬ್ಬ ಅಜ್ಜ ಮಾತ್ರ ಗಟ್ಟಿಯಾಗಿ ಎಳನೀರು ಕೆತ್ತುತ್ತಾ ಕೂತಿದ್ದರಂತೆ. "ನಾನು ಬದುಕಿದೀನಾ ಅಂತ ಕೇಳೋಕೆ ಬೆಂಗಳೂರಿಂದ ಬಂದ್ಯಾ ತಾಯಿ?" ಎಂದು ಬೈದು, ಎಳನೀರು ಕೊಟ್ಟು, ದುಡ್ಡು ತೆಗೆದುಕೊಳ್ಳದೆ ಕಳಿಸಿದರಂತೆ. ಅಂಥವರು ಕಡಿಮೆ. ಊರಿಗೆ ಹೋದವರಲ್ಲಿ ಹೆಚ್ಚಿನವರು ಹೋದ ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದರು. ಗೆರೆ ಕೆಳಗಿಳಿಯಿತು. ಅದೇ ನಿಜವಾದ ಗೆರೆ.

ಆ ಪೇಪರನ್ನು ಮೂರು ಜರ್ನಲ್‌ಗಳು ವಾಪಸ್ ಕಳಿಸಿದವು. ಒಬ್ಬರು ಇದು ಸ್ಥಳೀಯ ವಿಷಯ ಎಂದರು. ನಾಲ್ಕನೆಯವರು ತೆಗೆದುಕೊಂಡರು. ಮುಂದೆ ಒಂದು ಸಂದರ್ಶನದಲ್ಲಿ ಏಳು ವರ್ಷಕ್ಕೆ ಇಷ್ಟೇನಾ ಎಂದೂ ಕೇಳಿಸಿಕೊಂಡೆ. ಇರಲಿ.

41 ಪೇಪರ್‌ಗಳನ್ನೂ ನಾನು ಓದಿದ್ದೇನೆ. ಎರಡರಲ್ಲಿ ನಾವು ಹೇಳಿದ್ದರ ಉಲ್ಟಾ ಬರೆದಿದ್ದಾರೆ, ಭಾರತದಲ್ಲಿ ರೋಗಿಗಳನ್ನು ಹುಡುಕಲು ಆಗುವುದಿಲ್ಲವಂತೆ! ಎಣಿಕೆಯಲ್ಲಿ ಅವೂ ಎರಡು ಸೈಟೇಷನ್ನೇ. ಬಹಳಷ್ಟರಲ್ಲಿ ನಮ್ಮದು ಹತ್ತು ಹೆಸರುಗಳ ನಡುವೆ ಒಂದು, ಸುಮ್ನೆ. ಆದರೆ ನಾಲ್ಕು ಪೇಪರ್‌ಗಳಲ್ಲಿ ನಮ್ಮ ಫಾರ್ಮನ್ನೇ ಬಳಸಿದ್ದಾರೆ. ಊರಿಗೆ ಮರಳಿದವರಿಗೆ ಪ್ರತ್ಯೇಕ ಕಲಂ ಹಾಕಿ, ಹಿಂದೆ ಹೋಗಿ ಹುಡುಕಿದ್ದಾರೆ. ಅಕ್ಕನ ಆ ಒಂದು ಮಾತು ಈಗ ನಾಲ್ಕು ಕಡೆ ಕೆಲಸ ಮಾಡುತ್ತಿದೆ.

ಅಷ್ಟಾಗಿಯೂ ಆ ಪೇಪರಿನಲ್ಲಿ ಅಕ್ಕನ ಹೆಸರಿಲ್ಲ. ಕೊನೆಯಲ್ಲಿ 'ಕ್ಷೇತ್ರ ಸಿಬ್ಬಂದಿಗೆ ಕೃತಜ್ಞತೆಗಳು' ಎಂಬ ಒಂದು ಸಾಲು, ಅಷ್ಟೇ. ಲೇಖಕರಾಗಲು ವೈದ್ಯಕೀಯ ಜರ್ನಲ್ ಸಂಪಾದಕರ ನಿಯಮಗಳಿವೆ. ಮಾಹಿತಿ ಕೂಡಿಸಿದರೆ ಸಾಲದು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿ ಒಪ್ಪಬೇಕು, ಅದಕ್ಕೆ ಜವಾಬ್ದಾರರಾಗಬೇಕು. ಆಗ ನಾನು ಈ ನಿಯಮದ ಹಿಂದೆ ಅಡಗಿಕೊಂಡೆ. ಇಂಗ್ಲಿಷ್ ಪ್ರತಿಯನ್ನು ಕೂತು ಕನ್ನಡದಲ್ಲಿ ಓದಿ ಹೇಳಿದ್ದರೆ ಅವರು ತಿದ್ದುತ್ತಿರಲಿಲ್ಲವಾ? ಇಡೀ ಗೆರೆಯನ್ನೇ ತಿದ್ದಿದವರು! ತಪ್ಪು ನನ್ನದು. ಈ ಸಲದ ಪೇಪರಿಗೆ ಹಾಗೇ ಕೂತು ಓದಿದೆವು, ನಾಲ್ಕು ಸಂಜೆ. ಅವರು ಹನ್ನೆರಡು ಕಡೆ ತಪ್ಪು ಹಿಡಿದರು. ಲೇಖಕರ ಸಾಲಿನಲ್ಲಿ ಅವರದು ಎರಡನೆಯ ಹೆಸರು. ಗಂಡನ ಹೆಸರು ಬೇಡ, ಅಪ್ಪನ ಇನಿಷಿಯಲ್ ಹಾಕಿ ಎಂದಿದ್ದಾರೆ. ಇಲ್ಲಿ ಮಾತ್ರ ಹೆಸರು ಬೇಡವಂತೆ.

ಉಳಿದವರನ್ನೂ ನೆನೆಯಬೇಕು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಡುತ್ತಾ ಬಂದಿರುವ ಕಿದ್ವಾಯಿ ಆಸ್ಪತ್ರೆಯ ನೋಂದಣಿ ವಿಭಾಗದವರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಫೈಲು ತಿರುವಿ ಬರೆದುಕೊಳ್ಳುವ ಅವರ ಕೆಲಸವಿಲ್ಲದೆ ನಮ್ಮಂಥವರ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತಿ ಅಂಕಿಅಂಶ ಬಿಡಿಸಿ ಹೇಳಿದ ಗೆಳೆಯ. ನನ್ನ ಕನ್ನಡ ಮೀಡಿಯಂ ಇಂಗ್ಲಿಷನ್ನು ನಗದೆ ತಿದ್ದಿದ ನಮ್ಮ ಗೈಡ್ ಸರ್. ಮತ್ತೆ ನಮ್ಮಪ್ಪ. ತೀರ್ಥಹಳ್ಳಿ ಕಡೆಯ ಎರಡು ಎಕರೆ ಅಡಿಕೆ ತೋಟದಿಂದ ನನ್ನ ಫೀಸು ಕಟ್ಟಿದವರು. ಹೊಗೆಸೊಪ್ಪು ಹಾಕದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಹೇಳಿತು. ಆ ಸಾಲು ನನ್ನ ರಿವ್ಯೂನಲ್ಲೂ ಇದೆ. ಅಪ್ಪ ಅದನ್ನು ಓದಿಸಿಕೊಂಡು ಕೇಳಿ, "ನೀನು ಬರೆಯೋದು ಬರಿ, ನಾನು ತೋಟಕ್ಕೆ ಔಷಧಿ ಹೊಡೆಸಬೇಕು" ಎಂದು ಎದ್ದು ಹೋದರು. ಆ ವಿಷಯ ನಾವು ಮತ್ತೆ ಮಾತಾಡಿಲ್ಲ. ಅಪ್ಪ, ಥ್ಯಾಂಕ್ಸ್.

ಶುಭಾಶಯ ಹೇಳಿದ ನಿಮ್ಮಲ್ಲಿ ಒಂದು ಕೇಳಿಕೆ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ಆಗಿದ್ದರೆ, ನಂಬರ್ ಬದಲಾದಾಗ ಆಸ್ಪತ್ರೆಗೊಂದು ಮಾತು ತಿಳಿಸಿ. ಗೊತ್ತಿಲ್ಲದ ನಂಬರಿನಿಂದ ಒಬ್ಬ ಹೆಂಗಸು ಮೆತ್ತಗೆ "ಹೇಗಿದ್ದಾರೆ?" ಎಂದು ಕೇಳಿದರೆ ಸಾಲ ಕೊಡುವವರೆಂದು ಕಟ್ ಮಾಡಬೇಡಿ.

ಇವತ್ತು ಬೆಳಿಗ್ಗೆ ಅಕ್ಕನಿಗೆ ಅಂತ ತೆಗೆದಿಟ್ಟಿದ್ದ ದಿಲ್ ಪಸಂದ್ ತುಂಡು ಕೊಡುತ್ತಾ, ಮಂಗಳವಾರದ ಲಗ್ಗೆರೆ ಮನೆ ಸಿಕ್ಕಿತಾ ಎಂದು ಕೇಳಿದೆ.

"ಸಿಕ್ತು ಮೇಡಂ. ಊರಿಗೆ ಹೋಗಿದಾರಂತೆ. ಪಕ್ಕದ ಮನೆಯವರ ಹತ್ರ ಊರಿನ ನಂಬರ್ ಇಸ್ಕೊಂಡು ಬಂದಿದೀನಿ."