ಇನಿಷಿಯಲ್ ಬಿಡಿಸಿ ಬರೆಯುವ ಕೆಲಸ ಶಾಲೆಯಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ನಮ್ಮ ಕೋಲಾರದ ಕಡೆಯಿಂದಲೂ ನರ್ಸಿಂಗ್, ಎಂಜಿನಿಯರಿಂಗ್ ಓದಿದ ಮಕ್ಕಳು ಹೊರದೇಶದ ಕೆಲಸಕ್ಕೆ ಹೊರಡುತ್ತಿದ್ದಾರೆ. ನುರಿತ ಭಾರತೀಯರಿಗೆ ವರ್ಷಕ್ಕೆ 20,000 ಇದ್ದ ವೀಸಾವನ್ನು 90,000ಕ್ಕೆ ಏರಿಸುತ್ತೇವೆ ಎಂದು ಜರ್ಮನಿ 2024ರಲ್ಲಿ ಹೇಳಿದ ಮೇಲೆ ಆಸೆ ಇನ್ನೂ ಜಾಸ್ತಿಯಾಗಿದೆ. ಮಕ್ಕಳು ಭಾಷೆ ಕಲಿಯುತ್ತಾರೆ, ಅಪ್ಪ ಅಮ್ಮ ಸಾಲಸೋಲ ಮಾಡಿ ದುಡ್ಡು ಹೊಂದಿಸುತ್ತಾರೆ. ಎಲ್ಲ ಆದ ಮೇಲೆ ತಗಲಿಹಾಕಿಕೊಳ್ಳುವುದು ಹೆಸರಿನ ಪಕ್ಕದ ಒಂದಕ್ಷರದಲ್ಲಿ.

ನಮ್ಮ ಬೀದಿಯ ಹುಡುಗಿಯೊಬ್ಬಳ ಕಾಗದಗಳನ್ನು ಮೊನ್ನೆ ನೋಡಿದೆ. ಹೆಸರು ಮಂಜುಳ ಅಂತಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುಳ ವಿ.’, ಪಿಯುಸಿಯಲ್ಲಿ ‘ವಿ. ಮಂಜುಳ’, ಆಧಾರ್‌ನಲ್ಲಿ ಬರೀ ‘ಮಂಜುಳ’. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ‘ಮಂಜುಳ ವೆಂಕಟೇಶಪ್ಪ’. ಅಪ್ಪನ ಆಧಾರ್‌ನಲ್ಲಿ ಆ ‘ಶ’ಕ್ಕೆ ಇಂಗ್ಲಿಷಿನ ಎಚ್ ಇಲ್ಲ, ಮಗಳ ಪಾಸ್‌ಪೋರ್ಟ್‌ನಲ್ಲಿ ಇದೆ. ಊರಿನವರಿಗೆ ಇವರೆಲ್ಲ ಒಬ್ಬಳೇ. ಅವಳನ್ನು ನೋಡದೆ ಫೈಲ್ ಮಾತ್ರ ನೋಡುವ ವೀಸಾ ಅಧಿಕಾರಿಗೆ ಹಾಗಲ್ಲ. ಅವರದೇನೂ ತಪ್ಪಿಲ್ಲ ಬಿಡಿ. ಈಗ ನೋಟರಿ ಹತ್ತಿರ ಅಫಿಡವಿಟ್, ಅಂಕಪಟ್ಟಿ ತಿದ್ದಿಸಲು ಶಾಲೆಗೆ, ಅಲ್ಲಿಂದ ಪರೀಕ್ಷಾ ಮಂಡಳಿಗೆ ಅಂತ ಓಡಾಟ. ಕೆಲಸ ಕೊಟ್ಟ ಆಸ್ಪತ್ರೆ ಎಷ್ಟು ದಿನ ಕಾಯುತ್ತದೆ?

ಸರ್‌ನೇಮ್ ಜಾಗ ಖಾಲಿ ಬಿಟ್ಟವರ ಪಾಡು ಇನ್ನೊಂದು ಥರ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾ ಇಲ್ಲ ಎಂದಿತು. ಆಮೇಲೆ ಅಪ್ಪನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದರೆ ಸ್ವಲ್ಪ ಸಡಿಲಿಕೆ ಕೊಟ್ಟರು, ಅಷ್ಟೇ. ಅಮೆರಿಕದ ವೀಸಾದಲ್ಲಾದರೆ ಇರುವ ಒಂದು ಹೆಸರನ್ನು ಸರ್‌ನೇಮ್ ಮಾಡಿ, ಸ್ವಂತ ಹೆಸರಿನ ಜಾಗಕ್ಕೆ ‘ಎಫ್ಎನ್‌ಯು’ ಎಂದು ಹಾಕುತ್ತಾರೆ. ಹೆಸರು ಗೊತ್ತಿಲ್ಲ ಎಂಬ ಲೆಕ್ಕ ಅದು. ಆಮೇಲೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ಅದೇ ಅಂಟಿಕೊಳ್ಳಬಹುದು. ಅಪ್ಪನ ಹೆಸರು ಸೇರಿಸಿದವರನ್ನು ಆಫೀಸಿನಲ್ಲಿ ‘ಮಿಸ್ಟರ್ ವೆಂಕಟೇಶಪ್ಪ’ ಅಂತ ಕರೆಯುತ್ತಾರೆ. ಅಪ್ಪ ಇಲ್ಲಿ ಟೊಮೆಟೊ ತೋಟದಲ್ಲಿ, ಹೆಸರು ಮಾತ್ರ ಬರ್ಲಿನ್‌ನಲ್ಲಿ! ಅದಕ್ಕೆ ನಗಬಹುದು, ತೊಂದರೆಯಿಲ್ಲ.

ನಾನು ಹೇಳುವುದು ಇಷ್ಟೇ. ಇದನ್ನು ಪಾಸ್‌ಪೋರ್ಟ್ ಆಫೀಸಿನಲ್ಲಿ ಸರಿಮಾಡಲು ಹೋದರೆ ತಡವಾಯಿತು, ಶಾಲೆಯಲ್ಲೇ ಆಗಬೇಕು. ನಮ್ಮಲ್ಲಿ ಒಂದು ಇನಿಷಿಯಲ್ ಊರಿನದು, ಇನ್ನೊಂದು ಅಪ್ಪನದು. ಯಾವುದು ಏನೆಂದು ಮಗುವಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ದಾಖಲಾತಿ ಪುಸ್ತಕದಲ್ಲಿ ಬರೆದದ್ದೇ ಅಂಕಪಟ್ಟಿಗೆ ಹೋಗುತ್ತದೆ, ಅಲ್ವಾ? ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ ಪೋಷಕರನ್ನು ಒಂದು ಮಧ್ಯಾಹ್ನ ಕರೆಸಿ, ಮಗುವಿನ ಜನನ ಪ್ರಮಾಣಪತ್ರ, ಅಪ್ಪ ಅಮ್ಮನ ಆಧಾರ್ ಪಕ್ಕದಲ್ಲಿಟ್ಟು ಇಂಗ್ಲಿಷ್ ಸ್ಪೆಲ್ಲಿಂಗ್ ತಾಳೆ ನೋಡಲಿ. ಸುಮ್ನೆ ಸಹಿ ಹಾಕಿಸಿ ಕಳಿಸುವುದು ಬೇಡ. ಓದು ಬಾರದ ಪೋಷಕರಿಗೆ ಅಕ್ಷರ ಅಕ್ಷರವಾಗಿ ಓದಿ ಹೇಳಲಿ. ಶಿಕ್ಷಣ ಇಲಾಖೆಯ ಕೋಲಾರ ಉಪನಿರ್ದೇಶಕರು ಜಿಲ್ಲೆಯ ಎಲ್ಲ ಪ್ರೌಢಶಾಲೆಗಳಿಗೂ ಈ ಬಗ್ಗೆ ಒಂದು ಸುತ್ತೋಲೆ ಕಳಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ,
ಮುಳಬಾಗಿಲು