ನಾಟಕ ಹೇಳಿದ ಹೊತ್ತಿಗೆ ಶುರುವಾಗಲಿ

ಮಾನ್ಯ ಸಂಪಾದಕರೆ,

ಕುಂದಾಪುರದ ಕಡೆಯಿಂದ ಎಂ.ಎ. ಓದಲು ಬೆಂಗಳೂರಿಗೆ ಬಂದು ಇದು ಎರಡನೇ ವರ್ಷ. ಈ ಊರಿನಲ್ಲಿ ಇದುವರೆಗೆ ಹನ್ನೊಂದು ನಾಟಕಗಳಿಗೆ ಹೋಗಿದ್ದೇನೆ. ಅವುಗಳಲ್ಲಿ ಆರು ನಾಟಕಗಳ ಕೊನೆ ನೋಡಿಲ್ಲ. ನಮ್ಮ ಹಾಸ್ಟೆಲಿನ ಗೇಟು ರಾತ್ರಿ ಒಂಬತ್ತೂವರೆಗೆ ಮುಚ್ಚುತ್ತದೆ.

ಹೋದ ತಿಂಗಳ ಒಂದು ಸಂಜೆಯ ಮಾತು. ಆಮಂತ್ರಣ ಪತ್ರಿಕೆಯಲ್ಲಿ ‘ಸಂಜೆ 6ಕ್ಕೆ ಸರಿಯಾಗಿ’ ಎಂದಿತ್ತು. ಪ್ರಾರ್ಥನೆ ಶುರುವಾದದ್ದೇ ಆರೂಮುಕ್ಕಾಲಿಗೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ ನುಡಿ, ನಾಲ್ವರಿಗೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನಾಲ್ವರ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ನಾಟಕ ಶುರುವಾದಾಗ ಎಂಟು ಹತ್ತು. ಒಂಬತ್ತರ ಹೊತ್ತಿಗೆ ರಂಗದ ಮೇಲೆ ತಾಯಿ ಪಾತ್ರದ ನಟಿ ಲಾಟೀನಿನ ಪಕ್ಕ ಕೂತು, ಮಗನಿಂದ ಬಂದ ಕಾಗದವನ್ನು ಸೆರಗಿನಿಂದ ಒರೆಸಿ ಒರೆಸಿ ಬಿಡಿಸುತ್ತಿದ್ದಳು. ಒಬ್ಬರೂ ಕೆಮ್ಮುತ್ತಿರಲಿಲ್ಲ. ನಾನು ಚಪ್ಪಲಿ ಸದ್ದಾಗದಂತೆ ಎದ್ದು, ಸಾಲಿನವರ ಮೊಣಕಾಲುಗಳನ್ನು ದಾಟಿ ಹೊರಗೆ ಬಂದೆ. ಆ ಕಾಗದದಲ್ಲಿ ಏನು ಬರೆದಿತ್ತು ಎನ್ನುವುದನ್ನು ಮರುದಿನ ಗೆಳತಿಯ ಬಾಯಿಂದ ಕೇಳಬೇಕಾಯಿತು.

ಕೊನೆಯವರೆಗೆ ನೋಡಿದ ಉಳಿದ ಐದೂ ರಂಗಶಂಕರದ ಭಾನುವಾರದ ಮಧ್ಯಾಹ್ನದ ಪ್ರದರ್ಶನಗಳು. ಅಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಮೊದಲ ಸಲ ನಾನೇ ಎರಡು ನಿಮಿಷ ತಡವಾಗಿ ಹೋಗಿ ಬಾಗಿಲಿನಿಂದ ವಾಪಸಾಗಿದ್ದೆ. ಆದರೂ ಆ ನಿಯಮ ನನಗೆ ಇಷ್ಟ. ಶುರುವಾಗುವ ಹೊತ್ತು ಗೊತ್ತಿದ್ದರೆ ಮನೆ ಸೇರುವ ಹೊತ್ತೂ ಗೊತ್ತಿರುತ್ತದೆ. 2004ರಿಂದ ಒಂದು ರಂಗಮಂದಿರಕ್ಕೆ ಸಾಧ್ಯವಾಗಿರುವುದು ಉಳಿದ ಕಡೆ ಏಕೆ ಆಗಬಾರದು?

ಈ ನಗರ ನನಗೆ ಕೊಟ್ಟಿರುವುದು ಸಣ್ಣದಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ಆಧುನಿಕ ಕಲಾ ಗ್ಯಾಲರಿಯಲ್ಲಿ ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಂತಿದ್ದೇನೆ. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆದು, ಬಣ್ಣ ಮೆತ್ತಿದ ಕೈಯಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ ಕಲಾವಿದರೊಂದಿಗೆ ಮಾತಾಡಿದ್ದೇನೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಬೆಂಗಳೂರಿಗೆ ಬರುತ್ತಾರೆ. ಹಾಸ್ಟೆಲಿನಲ್ಲಿ ರಜೆ ಚೀಟಿ ಬರೆದುಕೊಟ್ಟು ರವೀಂದ್ರ ಕಲಾಕ್ಷೇತ್ರದಲ್ಲಿ ರಾತ್ರಿಯಿಡೀ ಆಟ ನೋಡಿ, ಬೆಳಗಿನ ಬಸ್ಸಿಗೆ ವಾಪಸಾದಾಗ ಕಿವಿಯಲ್ಲಿ ಇನ್ನೂ ಚಂಡೆ. ಕೊಯ್ಲಾದ ಗದ್ದೆಯಲ್ಲಿ ಅಜ್ಜಿಯ ಪಕ್ಕ ಚಾಪೆ ಹಾಸಿ ಕೂತು ನೋಡಿದ ವೇಷಗಳನ್ನೇ ಇಲ್ಲಿ ಕುರ್ಚಿಯಲ್ಲಿ ಕೂತು ನೋಡಿದಾಗ ಗಂಟಲು ಕಟ್ಟಿತ್ತು. ಇಡೀ ರಾತ್ರಿಯ ಪ್ರಸಂಗವನ್ನೂ ಈಗ ಹಲವು ಮೇಳಗಳು ಜನರ ಅನುಕೂಲಕ್ಕಾಗಿ ಕಾಲಮಿತಿಗೆ ತಂದುಕೊಂಡಿವೆ. ಸಭಾ ಕಾರ್ಯಕ್ರಮಕ್ಕೆ ಕಾಲಮಿತಿ ಹಾಕುವುದು ಅದಕ್ಕಿಂತ ಕಷ್ಟವೇ?

ಸನ್ಮಾನ ಬೇಡ ಎನ್ನುತ್ತಿಲ್ಲ. ಬದುಕನ್ನೇ ರಂಗಕ್ಕೆ ಕೊಟ್ಟ ಹಿರಿಯರಿಗೆ ಶಾಲು ಹೊದಿಸುವುದನ್ನು ನೋಡಿದರೆ ನನಗೂ ಮನಸ್ಸು ತುಂಬುತ್ತದೆ. ಅದನ್ನು ನಾಟಕ ಮುಗಿದ ಮೇಲೆ ಇಟ್ಟುಕೊಳ್ಳಲಿ. ಈಗಷ್ಟೇ ನಾಟಕ ನೋಡಿ ಕಣ್ಣೊರೆಸಿಕೊಂಡವರ ಚಪ್ಪಾಳೆಗೆ ಬೇರೆಯೇ ಬೆಲೆ. ಮೊದಲೇ ಆಗಬೇಕೆಂದಿದ್ದರೆ ಐದಕ್ಕೆ ಸಭೆ, ಆರೂವರೆಗೆ ನಾಟಕ ಎಂದು ಎರಡನ್ನೂ ಬೇರೆ ಬೇರೆಯಾಗಿ ಆಮಂತ್ರಣದಲ್ಲಿ ಅಚ್ಚು ಹಾಕಿಸಿ, ಹಾಗೆಯೇ ನಡೆಸಲಿ. ಸಭಾಂಗಣ ಬಾಡಿಗೆಗೆ ಕೊಡುವ ಇಲಾಖೆ ಇದನ್ನು ಷರತ್ತಾಗಿ ಸೇರಿಸಬಹುದು.

ಹಾಸ್ಟೆಲುಗಳನ್ನು ನೋಡಿಕೊಳ್ಳುವವರಲ್ಲೂ ಒಂದು ಕೋರಿಕೆ. ತಿಂಗಳಿಗೆ ಎರಡು ಸಲವಾದರೂ, ನಾಟಕದ ಟಿಕೆಟ್ ತೋರಿಸಿ ಮೊದಲೇ ಹೆಸರು ಬರೆಸಿದವರಿಗೆ ಹತ್ತೂವರೆವರೆಗೆ ಗೇಟು ತೆರೆದಿಡಿ. ನಾಲ್ಕೈದು ಜನ ಹುಡುಗಿಯರು ಒಟ್ಟಾಗಿ ಹೋಗಿ ಒಟ್ಟಾಗಿಯೇ ಬರುತ್ತೇವೆ.

– ಎಂ.ಎ. ದ್ವಿತೀಯ ವರ್ಷದ ವಿದ್ಯಾರ್ಥಿನಿ, ಬೆಂಗಳೂರು