ಶ್ರಾವಣ ಕಳೆದ ಮೇಲೂ ಗವಾಯಿಗಳಿಗೆ ವೇದಿಕೆ ಇರಲಿ

ಮಾನ್ಯ ಸಂಪಾದಕರಿಗೆ,

ಶ್ರಾವಣ ಮಾಸದಲ್ಲಿ ಕಲಬುರಗಿಯ ಯಾವ ಬಡಾವಣೆಗೆ ಹೋದರೂ ಸಂಜೆ ಹೊತ್ತು ಮಠದಲ್ಲೋ ಗುಡಿಯಲ್ಲೋ ಪುರಾಣ ಪ್ರವಚನ ನಡೆದಿರುತ್ತದೆ. ಪ್ರವಚನಕಾರರ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿಗಳೂ ತಬಲಾ ಸಾಥ್ ನೀಡುವವರೂ ಕುಳಿತಿರುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ವರ್ಷಗಟ್ಟಲೆ ಇದ್ದು, ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಪರಂಪರೆಯಲ್ಲಿ ಕಲಿತು ಬಂದವರು. ಆ ಒಂದು ತಿಂಗಳು ಅವರಿಗೆ ಪುರುಸೊತ್ತೇ ಇರುವುದಿಲ್ಲ. ಪುರಾಣ ಮಂಗಲವಾದ ಮೇಲೆ ಮಾತ್ರ ಅದೇ ಗವಾಯಿಗಳು ಮನೆಪಾಠವನ್ನೋ ಮದುವೆಯ ಆರ್ಕೆಸ್ಟ್ರಾವನ್ನೋ ನೆಚ್ಚಿಕೊಂಡು ದಿನ ದೂಡಬೇಕಾಗುತ್ತದೆ. ನಮ್ಮ ನಗರದಲ್ಲಿ ಹಾಡುವವರಿದ್ದಾರೆ, ಗಂಟೆಗಟ್ಟಲೆ ನೆಲದ ಮೇಲೆ ಕುಳಿತು ಕೇಳುವವರೂ ಇದ್ದಾರೆ. ಇವರಿಬ್ಬರೂ ವರ್ಷದ ಉಳಿದ ತಿಂಗಳುಗಳಲ್ಲಿ ಕೂಡುವುದಕ್ಕೆ ಜಾಗವಿಲ್ಲ.

ಇದು ಶಾಸ್ತ್ರೀಯ ಸಂಗೀತದ ಮಾತಷ್ಟೇ ಅಲ್ಲ. ಕಡಕೋಳದ ಮಡಿವಾಳಪ್ಪನವರ ಹಾಗೂ ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ತತ್ವಪದಗಳನ್ನು ಏಕತಾರಿ, ದಮ್ಮಡಿಯೊಂದಿಗೆ ಹಾಡುವ ಭಜನಾ ಮಂಡಳಿಗಳು, ಖಾಜಾ ಬಂದೇನವಾಜ್ ದರ್ಗಾದ ಉರುಸಿನಲ್ಲಿ ಹಾಡುವ ಕವ್ವಾಲರು, ಮೊಹರಂ ಸಮಯದ ರಿವಾಯತ್ ಪದಗಾರರು, ಹಲಗೆ ಮೇಳದವರು, ಈಗೀಗ ಗಿಟಾರ್ ಹಿಡಿದು ತಮ್ಮದೇ ಹಾಡು ಕಟ್ಟುತ್ತಿರುವ ಕಾಲೇಜು ಹುಡುಗರು, ಇವರೆಲ್ಲರ ಪಾಡೂ ಹೆಚ್ಚುಕಡಿಮೆ ಇದೇ ಆಗಿದೆ.

ಸಂಗೀತಕ್ಕೆ ಪ್ರೋತ್ಸಾಹವೆಂದರೆ ವರ್ಷಕ್ಕೊಂದು ಉತ್ಸವ, ಅದಕ್ಕೊಬ್ಬರು ಹೊರಗಿನ ತಾರಾ ಗಾಯಕರು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಇಂತಹ ವೇದಿಕೆಗಳಲ್ಲಿ ಸ್ಥಳೀಯ ಕಲಾವಿದರಿಗೆ ಸಿಗುವುದು ಕುರ್ಚಿ ಹಾಕುತ್ತಿರುವ ಹೊತ್ತು. ಧ್ವನಿವರ್ಧಕದವರು ಮುಂದಿನ ಆರ್ಕೆಸ್ಟ್ರಾದ ಡ್ರಮ್ಸ್‌ಗೆ ಮೈಕ್ ಹೊಂದಿಸುತ್ತಿರುವಾಗ ಇತ್ತ ಗಾಯಕರು ನಿಧಾನಗತಿಯ ವಿಲಂಬಿತ್ ಆರಂಭಿಸಿರುತ್ತಾರೆ. ಅದು ವೇಗದ ದ್ರುತ್‌ಗೆ ಬರುವಷ್ಟರಲ್ಲಿ ಗಣ್ಯರು ಬಂದರೆಂದು ನಿರೂಪಕರು ಚೀಟಿ ಕಳಿಸುತ್ತಾರೆ. (ಶಾಲು, ಹಾರ, ನೆನಪಿನ ಕಾಣಿಕೆಗಳಿಗೆ ಹೋಗುವ ಸಮಯದಲ್ಲಿ ಒಂದು ರಾಗವನ್ನು ಸಾವಕಾಶವಾಗಿ ಹಾಡಿ ಮುಗಿಸಬಹುದು.) ಸಂಭಾವನೆಯಂತೂ ಕಡತದ ಹಾದಿ ಹಿಡಿದು ಯಾವಾಗಲೋ ಕೈಸೇರುತ್ತದೆ.

ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿದ್ದು, ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಉತ್ತೇಜನವು ಅವುಗಳಲ್ಲಿ 13ನೆಯದು. ರಸ್ತೆ, ಚರಂಡಿ, ನೀರಿನಂತೆ ಇದೂ ನಗರಾಡಳಿತದ ಕೆಲಸವೆಂದು ಒಪ್ಪಿಕೊಂಡರೆ ಮುಂದಿನದು ಅಷ್ಟೇನೂ ದುಬಾರಿಯಲ್ಲ. ಹೊಸ ಸಭಾಂಗಣ ಕಟ್ಟಬೇಕೆಂದು ನಾನು ಕೇಳುತ್ತಿಲ್ಲ. ಡಾ. ಎಸ್.ಎಂ. ಪಂಡಿತ ರಂಗಮಂದಿರದಂತಹ ದೊಡ್ಡ ಜಾಗ ನೂರು ಜನ ಕೇಳುಗರ ಬೈಠಕ್‌ಗೆ ಒಗ್ಗುವುದಿಲ್ಲ, ಅದರ ಬಾಡಿಗೆಯನ್ನು ಸಣ್ಣ ಸಂಘಗಳು ಹೊರಲಾರವು. ಪಾಲಿಕೆಯ ಸಮುದಾಯ ಭವನವೊಂದನ್ನು ಆರಿಸಿ, ಜಮಖಾನೆ, ಎರಡು ಒಳ್ಳೆಯ ಮೈಕ್, ಸದ್ದು ಮಾಡದ ಫ್ಯಾನುಗಳನ್ನು ಒದಗಿಸಿ, ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ಸಂಗೀತಕ್ಕೆಂದು ಮೀಸಲಿಟ್ಟರೆ ಸಾಕು. ಉಳಿದ ದಿನ ಮಧ್ಯಾಹ್ನ ಅದೇ ಭವನವನ್ನು ಯುವಕರ ತಾಲೀಮಿಗೆ ಕೊಡಬಹುದು. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬರುವ ಕಲಾವಿದರೂ ಕೇಳುಗರೂ ರಾತ್ರಿ ಬಸ್ಸಿಗೆ ಓಡಬೇಕಾಗದಂತೆ ಕಾರ್ಯಕ್ರಮ ಸಂಜೆ 5.30ಕ್ಕೆ ಆರಂಭವಾಗಿ 8ಕ್ಕೆ ಮುಗಿಯಲಿ. ರಾತ್ರಿ 10ರ ನಂತರದ ಧ್ವನಿವರ್ಧಕ ನಿರ್ಬಂಧದ ಗೊಡವೆಯೂ ಆಗ ಬಾರದು.

ಎಲ್ಲವನ್ನೂ ಸರ್ಕಾರವೇ ಮಾಡಲಿ ಎಂಬುದು ಸರಿಯಲ್ಲ. ಯುನೆಸ್ಕೊ 2017ರಲ್ಲಿ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರವೆಂದು ಗುರುತಿಸುವುದಕ್ಕೆ ಎಷ್ಟೋ ದಶಕ ಮೊದಲೇ, 1928ರಲ್ಲಿ ಆರಂಭವಾದ ಮ್ಯೂಸಿಕ್ ಅಕಾಡೆಮಿಯೂ ಸೇರಿದಂತೆ ಅಲ್ಲಿಯ ಸಭಾಗಳು ಸದಸ್ಯರನ್ನು ಕೂಡಿಸಿ ಕಛೇರಿ ನಡೆಸುತ್ತ ಬಂದಿದ್ದವು. ದಾಸೋಹಕ್ಕೆ ಧಾರಾಳವಾಗಿ ಕೊಡುವ ನಾವು ಸಂಗೀತ ಕೇಳಲು ಐವತ್ತು ರೂಪಾಯಿ ಕೊಡಬೇಕೆಂದರೆ ಪಾಸ್ ಹುಡುಕುತ್ತೇವೆ. ಈ ರೂಢಿ ತಪ್ಪದೆ ಕಲಾವಿದರ ಕೈಗೆ ಕಾರ್ಯಕ್ರಮದ ದಿನವೇ ಹಣ ಬರುವುದು ಕಷ್ಟ.

ವಾದ್ಯಗಳ ಸಂಗತಿಯನ್ನು ಯಾರೂ ಎತ್ತುವುದಿಲ್ಲ. ನಮ್ಮ ಬೇಸಿಗೆಯ ಒಣ ಬಿಸಿಲಿಗೆ ತಬಲಾದ ಚರ್ಮ ಬಿಗಿದು ಶ್ರುತಿ ಏರುತ್ತದೆ, ಮಳೆಗಾಲದ ತಂಪಿಗೆ ಇಳಿಯುತ್ತದೆ. ಚರ್ಮ ಬದಲಿಸಲು, ಹಾರ್ಮೋನಿಯಂ ಶ್ರುತಿ ಸರಿಪಡಿಸಲು ನನಗೆ ತಿಳಿದ ಕಲಾವಿದರು ಸೊಲ್ಲಾಪುರಕ್ಕೋ ಮೀರಜ್‌ಗೋ ಹೋಗುತ್ತಾರೆ. ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತು (ಜಿಐ) ಪಡೆದಿರುವ ಮೀರಜ್‌ನ ಕುಶಲಕರ್ಮಿಗಳ ಬಳಿ ಇಲ್ಲಿಯ ನಾಲ್ಕೈದು ಯುವಕರು ಕಲಿತು ಬರಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ವಿದ್ಯಾರ್ಥಿವೇತನ ನೀಡಿದರೆ, ಮಂಡಳಿಯ ಅನುದಾನದ ಗಾತ್ರಕ್ಕೆ ಅದು ಲೆಕ್ಕಕ್ಕೂ ಸಿಗದ ಖರ್ಚು.

ಕಲಾವಿದರ ಆಯ್ಕೆಯಲ್ಲಿ ವಶೀಲಿ ನುಸುಳದಿರಲು ಆಕಾಶವಾಣಿಯು ಧ್ವನಿಪರೀಕ್ಷೆ ನಡೆಸಿ ಕಲಾವಿದರಿಗೆ ನೀಡುವ ಶ್ರೇಣಿಯನ್ನು ಆಧಾರವಾಗಿಟ್ಟುಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ. ಗಾಯನ, ವಾದನದ ಮಟ್ಟಿಗೆ ಅದು ಒಪ್ಪತಕ್ಕದ್ದೇ. ಆದರೆ ತತ್ವಪದ, ರಿವಾಯತ್, ಹಲಗೆಯವರಲ್ಲಿ ಹೆಚ್ಚಿನವರು ಧ್ವನಿಪರೀಕ್ಷೆಯ ಕಡೆಗೆ ಹೋದವರೇ ಅಲ್ಲ. ಪ್ರಮಾಣಪತ್ರವನ್ನೇ ಕೇಳಿದರೆ ಅವರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಆಯ್ಕೆ ಸಮಿತಿಯಲ್ಲಿ ಹಿರಿಯ ತತ್ವಪದಕಾರರೊಬ್ಬರೂ ಕವ್ವಾಲರೊಬ್ಬರೂ ಇರಬೇಕು, ವರ್ಷದ ಕಾರ್ಯಕ್ರಮಗಳ ಪಟ್ಟಿ ಹಾಗೂ ಸಂಭಾವನೆಯ ದರವನ್ನು ಮೊದಲೇ ಪ್ರಕಟಿಸಬೇಕು ಎಂದು ಪಾಲಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ,
ಒಬ್ಬ ಸಂಗೀತಾಸಕ್ತ,
ಬ್ರಹ್ಮಪುರ, ಕಲಬುರಗಿ